ಸೈಕಲ್ ಗುರು ಬೊರಿಸೆವಿಚ್ ಮತ್ತು ಫಲಿತಾಂಶದ ಪ್ರಶ್ನೆ

ಶಾಲೆಯ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡವರು ಮೊದಲು ಹುಡುಕುವುದು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಶೇಕಡಾವಾರು ಫಲಿತಾಂಶವನ್ನು. ದಾನಿಗಳಿಗೆ ಅದರಿಂದ ಸಮಾಧಾನ, ಆಡಳಿತ ಮಂಡಲಿಗೆ ಅದರಿಂದ ಗೌರವ, ಅಧ್ಯಾಪಕರಿಗೆ ಅದರಿಂದಲೇ ಮರ್ಯಾದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಅಂಕಿ ಯಾವ ದಾರಿಯಿಂದ ಬಂದಿತೆಂದು ಕೇಳುವವರು ವಿರಳ; ಅಂಕಿ ದೊಡ್ಡದಾದಷ್ಟೂ ಕೇಳುವವರು ಇನ್ನೂ ವಿರಳ. ಈ ಪ್ರಶ್ನೆಯನ್ನು ತರಗತಿಯೊಳಗೆ ವಿಚಾರಿಸುವುದಕ್ಕಿಂತ ಆಟದ ಬಯಲಿನಲ್ಲಿ ವಿಚಾರಿಸುವುದು ಸುಲಭ. ಅಲ್ಲಿ ಗೆಲುವು ಸೋಲುಗಳು ಎಲ್ಲರ ಕಣ್ಣೆದುರಿಗೇ ತೀರ್ಮಾನವಾಗುತ್ತವೆ. ಅಮೆರಿಕದ ಸೈಕಲ್ ಸವಾರರಿಗೆ ಒಲಿಂಪಿಕ್ ಪದಕಗಳನ್ನು ದೊರಕಿಸಿಕೊಟ್ಟ ತರಬೇತುದಾರ ಎಡ್ವರ್ಡ್ ಬೊರಿಸೆವಿಚ್ ಅವರ ವೃತ್ತಿಜೀವನ ಈ ದೃಷ್ಟಿಯಿಂದ ಅಧ್ಯಾಪಕ ಲೋಕದ ಅಭ್ಯಾಸಕ್ಕೆ ಯೋಗ್ಯವಾದುದು.

ಬೊರಿಸೆವಿಚ್ 1939ರಲ್ಲಿ ಪೋಲೆಂಡಿನಲ್ಲಿ ಜನಿಸಿದರು. ತಾರುಣ್ಯದಲ್ಲಿ ಅವರೇ ಒಳ್ಳೆಯ ಸವಾರರಾಗಿದ್ದರು. ಸೈನ್ಯಕ್ಕೆ ಸೇರಿದ ಹೊಸದರಲ್ಲಿ ವೈದ್ಯರು ಅವರಿಗೆ ಕ್ಷಯವೆಂದು ತಪ್ಪಾಗಿ ನಿರ್ಣಯಿಸಿದರು; ಇಲ್ಲದ ರೋಗಕ್ಕೆ ಕೊಟ್ಟ ಔಷಧ ಯಕೃತ್ತನ್ನು ಕೆಡಿಸಿತು. ಸವಾರನ ಬಾಳು ಅಲ್ಲಿಗೇ ಮೊಟಕಾಯಿತು. ಅನಂತರ ದೈಹಿಕ ಶಿಕ್ಷಣದಲ್ಲಿ ಉನ್ನತ ವ್ಯಾಸಂಗ ಮಾಡಿ ಅವರು ತರಬೇತಿಯ ಕ್ಷೇತ್ರವನ್ನು ಪ್ರವೇಶಿಸಿದರು. ತನ್ನ ಕೈ ತಪ್ಪಿದ್ದನ್ನು ಶಿಷ್ಯನ ಕೈಯಲ್ಲಿ ಕಾಣಬೇಕೆಂಬ ಹಂಬಲ ಅನೇಕ ಉತ್ತಮ ಶಿಕ್ಷಕರ ಬೆನ್ನ ಹಿಂದಿನ ಶಕ್ತಿ. ಕೆಲವೊಮ್ಮೆ ಅದೇ ಅವರ ದೌರ್ಬಲ್ಯವೂ ಹೌದು.

1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡೆಗಳಿಗೆ ಬಂದಿದ್ದ ಅವರು ಅಮೆರಿಕದ ನ್ಯೂಜೆರ್ಸಿಗೆ ಹೋದಾಗ ಒಂದು ಸೈಕಲ್ ಅಂಗಡಿಯನ್ನು ಹೊಕ್ಕರು. ಅಂಗಡಿಯ ಮೈಕ್ ಫ್ರೇಸಿ ಅವರು ಅಮೆರಿಕದ ಸೈಕಲ್ ಒಕ್ಕೂಟದ ಪ್ರಮುಖರೂ ಆಗಿದ್ದರು. ಬಂದವರಿಗೆ ಇಂಗ್ಲಿಷು ಬಾರದು, ಇದ್ದವರಿಗೆ ಪೋಲಿಷ್ ಬಾರದು; ಫ್ರೆಂಚ್ ಭಾಷೆಯಲ್ಲಿ ಮಾತುಕತೆ ನಡೆಯಿತು. ಮೊದಲು ಅಲ್ಲಿಯ ಸಂಘವೊಂದರ ಹುಡುಗರಿಗೆ ತರಬೇತಿ ನೀಡಿದರು. ಒಂದೆರಡು ವರ್ಷಗಳೊಳಗೆ ಅವರು ಆ ದೇಶದ ಪೂರ್ಣಾವಧಿಯ ಪ್ರಥಮ ರಾಷ್ಟ್ರೀಯ ಸೈಕಲ್ ತರಬೇತುದಾರರಾದರು. ಉದ್ದ ಹೆಸರನ್ನು ಉಚ್ಚರಿಸಲಾರದ ಅಮೆರಿಕನ್ನರು ಅವರನ್ನು 'ಎಡ್ಡಿ ಬಿ' ಎಂದೇ ಕರೆದರು.

ಆಗ ಅಮೆರಿಕದ ಸೈಕಲ್ ಕ್ರೀಡೆ ಹೀನಸ್ಥಿತಿಯಲ್ಲಿತ್ತು. 1912ರ ಬಳಿಕ ಆ ದೇಶಕ್ಕೆ ಒಲಿಂಪಿಕ್ ಸೈಕಲ್ ಸ್ಪರ್ಧೆಯಲ್ಲಿ ಒಂದು ಪದಕವೂ ಬಂದಿರಲಿಲ್ಲ. ಬೊರಿಸೆವಿಚ್ ಮೊದಲು ಕ್ಯಾಲಿಫೋರ್ನಿಯದ ಸ್ಕ್ವಾ ವ್ಯಾಲಿಯಲ್ಲಿ, ಆಮೇಲೆ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಶಿಬಿರಗಳನ್ನು ನಡೆಸಿದರು. ಪೂರ್ವ ಯುರೋಪಿನ ಪದ್ಧತಿಯಂತೆ ವರ್ಷವನ್ನು ಸಿದ್ಧತೆ, ಸ್ಪರ್ಧೆ, ವಿಶ್ರಾಂತಿ ಎಂದು ವಿಭಾಗಿಸುವುದು. ಚಳಿಗಾಲದಲ್ಲಿ ವ್ಯಾಯಾಮದಿಂದ ದೇಹವನ್ನು ಹದಗೊಳಿಸುವುದು. ಋತುವಿನ ಆರಂಭದಲ್ಲಿ ಹಗುರ ಗಿಯರಿನಲ್ಲೇ ತುಳಿಯುವುದು. ಸವಾರನ ಅಂಗಗಳ ಅಳತೆಗೆ ತಕ್ಕಂತೆ ಸೀಟು ಹಿಡಿಗಳನ್ನು ಹೊಂದಿಸುವುದು. ಬೆಳಿಗ್ಗೆ ಏಳುತ್ತಲೇ ನಾಡಿ ಎಣಿಸಿ, ಅದು ಎಂದಿಗಿಂತ ಹೆಚ್ಚಾಗಿದ್ದರೆ ದಣಿವು ಆರಿಲ್ಲವೆಂದು ತಿಳಿಯುವುದು — ಇವೇ ಅವರ ಪಾಠದ ತಿರುಳು. ಇವುಗಳಲ್ಲಿ ಮಂತ್ರವೂ ಇಲ್ಲ, ಮಾಯವೂ ಇಲ್ಲ. ಕನ್ನಡ ನಾಡಿನ ಶಾಲೆಗಳ ದೈಹಿಕ ಶಿಕ್ಷಕರೂ ಇಷ್ಟನ್ನು ಮಾಡಬಲ್ಲರು, ಅವರನ್ನು ಮಾಡಗೊಟ್ಟರೆ. ಆದರೆ ರಾಷ್ಟ್ರೀಯ ಹಬ್ಬಗಳ ಕವಾಯತಿಗೂ ಅವರೇ ಬೇಕು, ರಜೆ ಹಾಕಿದ ಅಧ್ಯಾಪಕರ ತರಗತಿ ಕಾಯಲೂ ಅವರೇ ಬೇಕು. ಹೀಗಿದ್ದೂ ವಿಜಯಪುರ, ಬಾಗಲಕೋಟೆ ಸೀಮೆಯ ಬಿರುಬಿಸಿಲಿನಲ್ಲಿ ಸೈಕಲ್ ತುಳಿದು ರಾಷ್ಟ್ರಮಟ್ಟಕ್ಕೆ ಏರಿದ ಹುಡುಗ ಹುಡುಗಿಯರು ಇದ್ದಾರೆಂಬುದು ಸಣ್ಣ ಸಂಗತಿಯಲ್ಲ.

ಪಾಠ ಬೇಗನೆ ಫಲಿಸಿತು. ಅವರ ಶಿಷ್ಯ ಗ್ರೆಗ್ ಲೆಮಾಂಡ್ 1979ರಲ್ಲಿ ಅರ್ಜೆಂಟೀನಾದಲ್ಲಿ ಕಿರಿಯರ ವಿಶ್ವ ರಸ್ತೆ ಸ್ಪರ್ಧೆಯನ್ನು ಗೆದ್ದರು. ಮುಂದೆ 1986ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಮೊದಲ ಯುರೋಪೇತರ ಸವಾರರೆನಿಸಿದರು. ಕಾನಿ ಕಾರ್ಪೆಂಟರ್ ಅವರ ಕತೆ ವಿದ್ಯಾಸಂಸ್ಥೆಗಳಿಗೆ ಇನ್ನೂ ಹತ್ತಿರದ್ದು. 14ನೆಯ ವಯಸ್ಸಿನಲ್ಲೇ ಅವರು 1972ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮಜಾರುಗೆಯ ಓಟದಲ್ಲಿ ಸ್ಪರ್ಧಿಸಿದ್ದರು; ಕಾಲಿನ ಗಾಯದ ದೆಸೆಯಿಂದ ಸೈಕಲ್ಲಿಗೆ ಬಂದರು; ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಓದುತ್ತ ದೋಣಿ ಸ್ಪರ್ಧೆಯಲ್ಲೂ ರಾಷ್ಟ್ರಮಟ್ಟದಲ್ಲಿ ಗೆದ್ದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರ ರಸ್ತೆ ಸ್ಪರ್ಧೆಗೆ ಪ್ರಪ್ರಥಮವಾಗಿ ಸ್ಥಾನ ದೊರೆತಾಗ, 79 ಕಿಲೋಮೀಟರ್‌ಗಳ ಹಾದಿಯ ಕೊನೆಗೆ ಅರ್ಧ ಗಾಲಿಯಷ್ಟೂ ಇಲ್ಲದ ಅಂತರದಲ್ಲಿ ಬಂಗಾರದ ಪದಕ ಪಡೆದವರು ಈ ಕಾರ್ಪೆಂಟರ್.

ಆ ಕ್ರೀಡೆಗಳಲ್ಲಿ ಅಮೆರಿಕದ ಸೈಕಲ್ ತಂಡಕ್ಕೆ 4 ಚಿನ್ನ ಸೇರಿ ಒಟ್ಟು 9 ಪದಕಗಳು ಬಂದವು. ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ ಮೊದಲಾದ ಬಲಿಷ್ಠ ದೇಶಗಳು ಬಹಿಷ್ಕಾರ ಹೂಡಿ ಬಂದಿರಲಿಲ್ಲವೆಂಬುದನ್ನು ಯಾರೂ ಮರೆಯಬಾರದು. ಆದರೂ 72 ವರ್ಷಗಳ ಬರಗಾಲ ಹಿಂಗಿತ್ತು, ಬೊರಿಸೆವಿಚ್ ಅವರ ಕೀರ್ತಿ ಶಿಖರವನ್ನು ಮುಟ್ಟಿತ್ತು.

ಐದು ತಿಂಗಳು ಕಳೆಯುವಷ್ಟರಲ್ಲಿ, 1985ರ ಆದಿಯಲ್ಲಿ, ಇನ್ನೊಂದು ಸಂಗತಿ ಹೊರಬಿದ್ದಿತು. ತಂಡದ ಏಳು ಮಂದಿ ಸವಾರರು ಸ್ಪರ್ಧೆಗೆ ಮುನ್ನ ರಕ್ತ ಏರಿಸಿಕೊಂಡಿದ್ದರು. ರಕ್ತದ ಕೆಂಪುಕಣಗಳು ಆಮ್ಲಜನಕವನ್ನು ಹೊರುತ್ತವೆ. ಕಣಗಳು ಹೆಚ್ಚಿದರೆ ಸ್ನಾಯುಗಳು ಬೇಗನೆ ದಣಿಯವು. ತಮ್ಮದೇ ರಕ್ತವನ್ನು ತೆಗೆದು ಕಾದಿರಿಸಲು ಸಮಯವಿರಲಿಲ್ಲವಾಗಿ ಬಂಧುಗಳ ಹಾಗೂ ಇತರರ ರಕ್ತವನ್ನು, ಅದೂ ಆಸ್ಪತ್ರೆಯಲ್ಲಲ್ಲ, ಹೋಟೆಲಿನ ಕೋಣೆಯಲ್ಲಿ ಕೊಡಲಾಗಿತ್ತು. ಕೆಲವರು ಅಸ್ವಸ್ಥರಾದರು. ವಿಚಾರಣೆಯ ತರುವಾಯ ಒಕ್ಕೂಟವು ಬೊರಿಸೆವಿಚ್ ಅವರನ್ನು 30 ದಿನ ಸಂಬಳವಿಲ್ಲದೆ ಅಮಾನತಿನಲ್ಲಿರಿಸಿತು ಮತ್ತು ಇಂಥ ರಕ್ತಪೂರಣವನ್ನು ನಿಷೇಧಿಸಿತು.

ಆಗ ನಿಯಮದಲ್ಲಿ ಸ್ಪಷ್ಟ ನಿಷೇಧವಿರಲಿಲ್ಲ ಎಂಬುದು ಅವರ ಪರವಾಗಿ ಕೇಳಿಬಂದ ವಾದ. ಮಾತು ನಿಜ, ಪದಕಗಳನ್ನು ಹಿಂದಕ್ಕೆ ಪಡೆಯಲಿಲ್ಲವೂ ನಿಜ. ಆದರೆ ನಿಯಮಾವಳಿಯನ್ನು ಬರೆಯುವುದು ಅಪರಿಚಿತರ ನಡುವಿನ ವ್ಯವಹಾರಕ್ಕೆ. ಗುರುಶಿಷ್ಯರ ನಡುವೆ ಇರುವುದು ನಂಬಿಕೆ. ಇಪ್ಪತ್ತರ ಹರೆಯದ ಸವಾರ ತೋಳು ಚಾಚುವುದು ನಿಯಮ ಓದಿ ನೋಡಿ ಅಲ್ಲ, ಹಿರಿಯರ ಮುಖ ನೋಡಿ. ಆ ಹೋಟೆಲಿನ ಕೋಣೆಯಲ್ಲಿ ಆದ ಹಾನಿ ಇಲ್ಲಿಯದು. ಇದಕ್ಕಿಂತಲೂ ವಿಷಾದದ ಸಂಗತಿಯೆಂದರೆ ಅದರ ಅಗತ್ಯವೇ ಇರಲಿಲ್ಲವೆಂಬುದು. ಕಾರ್ಪೆಂಟರ್ ಆ ಏಳು ಮಂದಿಯಲ್ಲಿ ಒಬ್ಬರಲ್ಲ. ಏಳೆಂಟು ವರ್ಷಗಳ ನಿಷ್ಠೆಯ ಪಾಠವೇ ಗೆಲುವಿಗೆ ಸಾಲುತ್ತದೆಂಬುದಕ್ಕೆ ಅವರೇ ಸಾಕ್ಷಿ. ತಾನು ಕಲಿಸಿದ ಪಾಠದಲ್ಲಿ ಶಿಕ್ಷಕನಿಗೇ ಪರೀಕ್ಷೆಯ ಹಿಂದಿನ ದಿನ ನಂಬಿಕೆ ಕುಸಿಯಿತೆಂದಲ್ಲದೆ ಇದಕ್ಕೆ ಬೇರೆ ವಿವರಣೆ ದೊರೆಯದು.

ಆ ಕುಸಿತಕ್ಕೆ ಶಿಕ್ಷಕನೊಬ್ಬನೇ ಹೊಣೆಯೆ? ತಾಯ್ನೆಲದಲ್ಲಿ ಕ್ರೀಡೆ ನಡೆಯುವಾಗ ಪದಕವಲ್ಲದೆ ಬೇರೇನನ್ನೂ ಎಣಿಸದ ಒಕ್ಕೂಟ ಹಾಗೂ ಅದಕ್ಕೆ ಹಣ ಕೊಟ್ಟವರು ಕೂಡ ಆ ಕೋಣೆಯಲ್ಲಿ ಅದೃಶ್ಯರಾಗಿ ನಿಂತಿದ್ದರು. ಹಿಂದುಳಿದ ಹುಡುಗನನ್ನು ಒಂಬತ್ತನೆಯ ತರಗತಿಯಲ್ಲೇ ನಿಲ್ಲಿಸಿ ಹತ್ತನೆಯ ತರಗತಿಯ ಫಲಿತಾಂಶವನ್ನು ನೂರಕ್ಕೆ ನೂರು ಮಾಡುವ ಶಾಲೆಯೂ ಯಾವ ನಿಯಮವನ್ನೂ ಮುರಿದಿರುವುದಿಲ್ಲ. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಪರೀಕ್ಷೆಯವರೆಗೆ ಬಂದರೆಂಬ ಅಂಕಿಯನ್ನೂ ಫಲಿತಾಂಶದ ಪಕ್ಕದಲ್ಲಿ ಅಚ್ಚು ಹಾಕಿಸಿದರೆ ದಾನಿಗಳು ನೋಡುವ ಪುಟ ಬೇರೆಯದೇ ಆದೀತು.

ಬೊರಿಸೆವಿಚ್ 1987ರಲ್ಲಿ ರಾಷ್ಟ್ರೀಯ ತರಬೇತುದಾರರ ಹುದ್ದೆಯನ್ನು ಬಿಟ್ಟರು. ಅನಂತರ ಅವರು ನಡೆಸಿದ ತಂಡದಲ್ಲಿ 1990ರಲ್ಲಿ ಸವಾರಿ ಮಾಡಿದ ಎಳೆಯರಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಒಬ್ಬರು. ಮುಂದೆ ಯು.ಎಸ್. ಪೋಸ್ಟಲ್ ಎಂದು ಪ್ರಸಿದ್ಧವಾದ ತಂಡಕ್ಕೂ 1996ರಲ್ಲಿ ಬೊರಿಸೆವಿಚ್ ಅವರೇ ಮೊದಲ ನಿರ್ದೇಶಕರು. ಅವರು ಬಿಟ್ಟುಹೋದ ಮೇಲೆ ಆರ್ಮ್‌ಸ್ಟ್ರಾಂಗ್ ಆ ತಂಡವನ್ನು ಸೇರಿ ಟೂರ್ ದ ಫ್ರಾನ್ಸ್ ಗೆಲುವುಗಳನ್ನು ಗಳಿಸಿದರು. ನಿಷಿದ್ಧ ಔಷಧಗಳ ಬಳಕೆ ಸಿದ್ಧವಾಗಿ 2012ರಲ್ಲಿ ಅವೆಲ್ಲವೂ ರದ್ದಾದವು. ಆ ಪಾಪವನ್ನು ಬೊರಿಸೆವಿಚ್ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರು 2020ರ ನವೆಂಬರಿನಲ್ಲಿ ಪೋಲೆಂಡಿನಲ್ಲಿ, 81ನೆಯ ವಯಸ್ಸಿನಲ್ಲಿ, ಕೋವಿಡ್ ರೋಗದಿಂದ ನಿಧನರಾದರು. ಬೆಳಗಿನ ನಾಡಿ ಎಣಿಸಿ ಬರೆದಿಡುವ ಅಭ್ಯಾಸವನ್ನು ಸೈಕಲ್ ಸವಾರರು ಇಂದಿಗೂ ಬಿಟ್ಟಿಲ್ಲ.