ಕೂಸು ನೋಡುವುದೂ ಒಂದು ಉದ್ಯೋಗ

ಕಾಲೇಜಿಗೆ ಸೇರುವಾಗ ನಾವೆಲ್ಲರೂ ಒಂದು ಅರ್ಜಿಯನ್ನು ತುಂಬಿದ್ದೇವೆ. ತಂದೆಯ ಉದ್ಯೋಗ, ತಾಯಿಯ ಉದ್ಯೋಗ ಎಂದು ಅದರಲ್ಲಿ ಎರಡು ಅಂಕಣಗಳಿದ್ದವು. ನಾನು ಎರಡರಲ್ಲಿಯೂ 'ತೋಟದ ಕೂಲಿ' ಎಂದು ಬರೆದೆ. ಬರೆದು ಮುಗಿಸಿದ ಮೇಲೆ, ನನ್ನನ್ನು ಸಾಕಿದ ಮೂರನೆಯವಳೊಬ್ಬಳಿಗೆ ಈ ಹಾಳೆಯಲ್ಲಿ ಜಾಗವೇ ಇಲ್ಲವಲ್ಲಾ ಎನಿಸಿತು. ಆಕೆ ನನ್ನ ಅಕ್ಕ. ಈ ಲೇಖನ ಅವಳು ಮಾಡುವ ಕೆಲಸವನ್ನು ಕುರಿತದ್ದು. ಆ ಕೆಲಸಕ್ಕೆ ಉದ್ಯೋಗವೆಂಬ ಹೆಸರು ಸಲ್ಲಬೇಕೆಂಬುದು ನನ್ನ ವಾದ.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ದಾರಿಯ ಪಕ್ಕದ ಒಂದು ತೋಟದ ಲೈನಿನಲ್ಲಿ ನಾನು ಹುಟ್ಟಿದೆ. ಹೆರಿಗೆಯಾಗಿ ಮೂರು ತಿಂಗಳಿಗೇ ಅವ್ವ ಹಣ್ಣು ಕುಯ್ಯಲು ಹೊರಟಳು. ಕುಯ್ಲಿನ ಕಾಲದಲ್ಲಿ ಕೂಲಿ ಕಿಲೋ ಲೆಕ್ಕ. ಮನೆಯಲ್ಲಿ ಕುಳಿತರೆ ಲೆಕ್ಕವೇ ಇಲ್ಲ. ಮೊದಮೊದಲು ಎರಡು ಸಿಲ್ವರ್ ಮರಗಳ ನಡುವೆ ಸೀರೆಯ ಜೋಲಿ ಕಟ್ಟಿ ನನ್ನನ್ನು ಮಲಗಿಸುತ್ತಿದ್ದಳಂತೆ. ಒಂದು ದಿನ ಜೋಲಿಗೆ ಚಗಳಿ ಇರುವೆ ಹತ್ತಿತು. ಮರುದಿನದಿಂದ, ನಾಲ್ಕನೆಯ ತರಗತಿಯಲ್ಲಿದ್ದ ಅಕ್ಕನನ್ನು 'ಸ್ವಲ್ಪ ದಿನದ ಮಟ್ಟಿಗೆ' ಶಾಲೆ ಬಿಡಿಸಿ ಮನೆಯಲ್ಲಿ ನಿಲ್ಲಿಸಿದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಓದಿದವಳು ನಾನು ಎಂದು ಬಂಧುಗಳು ಹೇಳುವಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಗುತ್ತದೆ. ಈ ಪದವಿಯ ಬೆಲೆಯನ್ನು ಇನ್ನೊಬ್ಬಳು ತನ್ನ ಐದನೆಯ ತರಗತಿಯಿಂದ ಕೊಟ್ಟಿದ್ದಾಳೆ.

ಇದಕ್ಕೆ ಕಾಯಿದೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಶಿಶುವಿಹಾರದ ಮಾತು ಸ್ಪಷ್ಟವಾಗಿಯೇ ಇತ್ತು. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಅವರ ಮಕ್ಕಳಿಗಾಗಿ ಗಾಳಿ ಬೆಳಕಿರುವ ಕೋಣೆಗಳನ್ನು ಮಾಲೀಕನೇ ಒದಗಿಸಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸೊಬ್ಬಳು ಅದನ್ನು ನೋಡಿಕೊಳ್ಳಬೇಕು ಎಂದಿತ್ತು. ಆ ಕಾಯಿದೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಲೀನವಾಯಿತು. ಶಿಶುವಿಹಾರದ ಮಾತು ಅಲ್ಲಿಯೂ ಉಂಟು. ಐವತ್ತರ ಲೆಕ್ಕವೂ ಉಂಟು.

ತೊಡಕು ಇರುವುದೇ ಈ ಲೆಕ್ಕದಲ್ಲಿ. ನಮ್ಮ ಸೀಮೆಯ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಅಂಥ ತೋಟದಲ್ಲಿ ಐವತ್ತು ಆಳು ಎಲ್ಲಿಂದ ಬಂದಾರು? ಇಂದು ಈ ತೋಟ, ನಾಳೆ ಆಚೆಯ ತೋಟ ಎಂದು ಜೀಪಿನಲ್ಲಿ ಹೋಗಿ ದುಡಿಯುವ ಹೆಂಗಸರು ಯಾವ ತೋಟದ ಲೆಕ್ಕಕ್ಕೆ ಸೇರಬೇಕು? ಕಾಯಿದೆ ದೊಡ್ಡ ತೋಟವನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು; ಕೂಸುಗಳೋ ಸಣ್ಣ ತೋಟದಲ್ಲಿಯೂ ಹುಟ್ಟುತ್ತವೆ.

ಅಂಗನವಾಡಿ ಇದೆಯಲ್ಲ ಎನ್ನುವವರಿಗೂ ಒಂದು ಮಾತು. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಮೊದಲಾಗಿ ಇಂದು ರಾಜ್ಯವನ್ನೆಲ್ಲ ವ್ಯಾಪಿಸಿರುವ ಅಂಗನವಾಡಿಯ ಉಪಕಾರವನ್ನು ನಾನು ಮರೆಯಲಾರೆ. ನನ್ನ ಅಕ್ಷರಾಭ್ಯಾಸ ಆದದ್ದೇ ಅಲ್ಲಿ. ಆದರೆ ಅಲ್ಲಿ ಕುಳಿತು ಕಲಿಯುವುದು ಮೂರು ತುಂಬಿದ ಮಕ್ಕಳು. ಎಂಟು ತಿಂಗಳ ಕೂಸನ್ನು ದಿನವಿಡೀ ಎತ್ತಿಕೊಂಡಿರುವುದು ಒಬ್ಬ ಕಾರ್ಯಕರ್ತೆಯಿಂದ ಆಗುವ ಮಾತಲ್ಲ. ಅಲ್ಲದೆ ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ ಜೀಪು ಹೊರಟಿರುತ್ತದೆ. ಕೇಂದ್ರ ಸರಕಾರ 2022ರಲ್ಲಿ 'ಪಾಲನಾ' ಎಂಬ ಯೋಜನೆಯನ್ನು ತಂದಿತು. ನಮ್ಮ ರಾಜ್ಯ ಸರಕಾರ 2023ರಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಯನ್ನು ಘೋಷಿಸಿತು. ಎರಡೂ ಸ್ತುತ್ಯವಾದುವು. ಆದರೆ ನಮ್ಮದು ಬೆಟ್ಟದ ಸೀಮೆ. ಲೈನಿನಿಂದ ಪಂಚಾಯತಿ ಕಟ್ಟಡಕ್ಕೆ ಎರಡು ಗುಡ್ಡ ಹತ್ತಿಳಿಯಬೇಕಾದ ತಾಯಿ, ಕತ್ತಲು ಹರಿಯುವ ಮುನ್ನ ಕೂಸನ್ನು ಅಲ್ಲಿ ಬಿಟ್ಟು ಬರಲಾರಳು. ಇಲ್ಲಿಗೆ ಹೊಂದುವ ಕೂಸಿನ ಮನೆ ಎಂದರೆ ಪಕ್ಕದ ಮನೆಯೇ.

ಅಕ್ಕ ಮಾಡಿದ್ದು ಅದನ್ನೇ. ಎರಡು ವರ್ಷದ ಹಿಂದಿನ ಕುಯ್ಲಿನಲ್ಲಿ ನೆರೆಯ ಇಬ್ಬರು ಹೆಂಗಸರು ತಮ್ಮ ಮಕ್ಕಳನ್ನು ಅವಳಲ್ಲಿ ಬಿಟ್ಟು ಹೋಗತೊಡಗಿದರು. ತಿಂಗಳೊಪ್ಪತ್ತಿನಲ್ಲಿ ಇಬ್ಬರ ಮಕ್ಕಳು ನಾಲ್ವರಾದರು. ತನ್ನ ಮಗಳು ಸೇರಿ ಐವರು. ಬಟವಾಡೆಯ ದಿನ ಒಬ್ಬಳು ಹಣ ಕೊಟ್ಟರೆ ಇನ್ನೊಬ್ಬಳು ಅಕ್ಕಿ ಕೊಡುವಳು. ಮತ್ತೊಬ್ಬಳು ಮುಂದಿನ ವಾರ ಎನ್ನುವಳು. ಹೀಗೆಯೇ ನಡೆದು ಹೋಗುತ್ತಿತ್ತು, ಆ ಒಂದು ಮಧ್ಯಾಹ್ನ ಬಾರದಿದ್ದರೆ.

ಎರಡು ವರ್ಷದ ಹುಡುಗನೊಬ್ಬ ನೆಲದ ಮೇಲೆ ಬಿದ್ದಿದ್ದ ಕಡಲೆಬೀಜವನ್ನು ಬಾಯಿಗೆ ಹಾಕಿಕೊಂಡ. ಅದು ಗಂಟಲಿಗೆ ಸಿಕ್ಕಿತು. ಕೆಮ್ಮಲೂ ಆಗದೆ, ಅಳಲೂ ಆಗದೆ ಮಗುವಿನ ತುಟಿ ನೀಲಿಯಾಯಿತು. ಅಕ್ಕನಿಗೆ ಕೈಕಾಲೇ ಆಡಲಿಲ್ಲ. ದೈವವಶಾತ್ ಆ ಹೊತ್ತಿಗೆ ಆಶಾ ಕಾರ್ಯಕರ್ತೆ ಅಂಗಳಕ್ಕೆ ಕಾಲಿಟ್ಟಿದ್ದರು. ಅವರು ಮಗುವನ್ನು ತೊಡೆಯ ಮೇಲೆ ಬೋರಲಾಗಿ, ತಲೆ ಕೆಳಗಾಗುವಂತೆ ಮಲಗಿಸಿ ಎರಡು ಭುಜಗಳ ನಡುವೆ ಅಂಗೈಯ ಬುಡದಿಂದ ಬಲವಾಗಿ ಹೊಡೆದರು. ಮೂರನೆಯ ಪೆಟ್ಟಿಗೆ ಬೀಜ ಹೊರಬಿತ್ತು.

ಆ ರಾತ್ರಿ ಅಕ್ಕ ಫೋನಿನಲ್ಲಿ ಅಳುತ್ತ, "ಆ ಮೂರು ಪೆಟ್ಟು ನಂಗೆ ಯಾರೂ ಕಲಿಸ್ಲೇ ಇಲ್ವಲ್ಲೇ! ಕೂಸು ಕೈಬಿಟ್ಟು ಹೋಗಿದ್ರೆ ಅದರವ್ವನ ಮುಖ ಹೆಂಗೆ ನೋಡ್ಲಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷದಿಂದ ನಾನು ಓದಿದ ಪುಸ್ತಕಗಳಲ್ಲಿಯೂ ಆ ಮೂರು ಪೆಟ್ಟು ಇರಲಿಲ್ಲ.

ಮುಂದಿನ ರಜೆಗೆ ಊರಿಗೆ ಹೋದಾಗ ಇಬ್ಬರೂ ಕುಳಿತು ಈ ಕೆಲಸವನ್ನು ಮೊದಲಿನಿಂದ ಆರಂಭಿಸಿದೆವು. ಬೋರ್ಡೋ ದ್ರಾವಣಕ್ಕೆಂದು ಭಾವ ತಂದಿಟ್ಟಿದ್ದ ಮೈಲುತುತ್ತದ ಡಬ್ಬ ಮಂಚದ ಕೆಳಗಿನಿಂದ ಬೀಗದ ಪೆಟ್ಟಿಗೆಗೆ ಹೋಯಿತು. ಒಲೆಯ ಕೋಣೆಯ ಬಾಗಿಲಿಗೆ ಅಡ್ಡ ಹಲಗೆ, ನೀರಿನ ಡ್ರಮ್ಮಿಗೆ ಭದ್ರವಾದ ಮುಚ್ಚಳ ಬಂದುವು. ಒಂದು ಪುಸ್ತಕ ಮಾಡಿ ಅದರಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಾಯಿ ಇಂದು ಯಾವ ತೋಟದಲ್ಲಿ ಕೆಲಸಕ್ಕಿದ್ದಾಳೆ, ಫೋನ್ ನಂಬರು, ತಾಯಿ ಕಾರ್ಡಿನಲ್ಲಿ ಯಾವ ಚುಚ್ಚುಮದ್ದು ಬಾಕಿ, ಸಂಜೆ ಮಗುವನ್ನು ಯಾರ ಕೈಗೆ ಕೊಡಬಹುದು ಎಂದು ಬರೆದೆವು. ಆಶಾ ಕಾರ್ಯಕರ್ತೆ ಆ ಪೆಟ್ಟನ್ನು ಕಲಿಸಿದರು. ವರ್ಷ ತುಂಬದ ಕೂಸಿಗೆ ಹೊಟ್ಟೆಯನ್ನು ಒತ್ತಬಾರದು, ಎದೆಯನ್ನೇ ಒತ್ತಬೇಕೆಂಬುದನ್ನೂ, ಭೇದಿಯಾದರೆ ಓ.ಆರ್.ಎಸ್. ಕುಡಿಸುವ ಬಗೆಯನ್ನೂ ಹೇಳಿಕೊಟ್ಟರು. ವಾರದ ಹಣ ಇಷ್ಟೆಂದು ತಾಯಂದಿರೊಡನೆ ಮೊದಲೇ ಮಾತಾಯಿತು. ಐದಕ್ಕಿಂತ ಹೆಚ್ಚು ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲವೆಂದು ಅಕ್ಕ ತಾನೇ ನಿಶ್ಚಯಿಸಿದಳು.

ಇಷ್ಟೆಲ್ಲ ಆದರೂ ಅವಳ ಹೆಸರು ನಮ್ಮ ಮನೆಯ ಆ ಒಂದು ಪುಸ್ತಕದಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಇಂಗ್ಲೆಂಡಿನಲ್ಲಿ ಹೀಗೆ ತನ್ನ ಮನೆಯಲ್ಲಿ ಕೂಲಿಗೆ ಪರರ ಮಕ್ಕಳನ್ನು ನೋಡುವವಳು ಆಫ್‌ಸ್ಟೆಡ್ ಎಂಬ ಸರಕಾರಿ ಸಂಸ್ಥೆಯಲ್ಲೋ ಮಾನ್ಯತೆ ಪಡೆದ ಏಜೆನ್ಸಿಯಲ್ಲೋ ಹೆಸರು ನೋಂದಾಯಿಸಬೇಕು. ಮಕ್ಕಳ ಪ್ರಥಮ ಚಿಕಿತ್ಸೆಯನ್ನು ಕಲಿತಿರಬೇಕು. ಒಬ್ಬಳೇ ನೋಡುವುದಾದರೆ ಎಂಟು ವರ್ಷದೊಳಗಿನವರು ಆರಕ್ಕೆ ಮೀರಬಾರದು. ಅವರಲ್ಲಿ ಎಳೆಯ ಮಕ್ಕಳು ಸಾಮಾನ್ಯವಾಗಿ ಮೂವರು, ವರ್ಷ ತುಂಬದ ಕೂಸು ಒಂದೇ. ಸ್ವಂತ ಮಕ್ಕಳೂ ಈ ಲೆಕ್ಕಕ್ಕೆ ಸೇರುತ್ತಾರೆ. ಈ ಕಟ್ಟಳೆಯನ್ನು ನೋಡಿದರೆ ಅಕ್ಕನ ಐದೂ ಹೆಚ್ಚೇ ಆಯಿತೆಂದು ಒಪ್ಪಬೇಕು.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಅಜ್ಜಿಯರು ಪ್ರೀತಿಯಿಂದ ಮಾಡುತ್ತಿದ್ದುದಕ್ಕೆ ಬೆಲೆ ಕಟ್ಟುವುದೇ? ಅಜ್ಜಿ ಇರುವ ಮನೆಯ ಮಾತು ಬೇರೆ. ಕೂಲಿಯನ್ನರಸಿ ದೂರದ ಜಿಲ್ಲೆಗಳಿಂದ, ಅಸ್ಸಾಮಿನಿಂದ ಕೂಸನ್ನು ಕಟ್ಟಿಕೊಂಡು ಬಂದವಳಿಗೆ ಇಲ್ಲಿ ಅಜ್ಜಿ ಎಲ್ಲಿ? ಅಜ್ಜಿ ಇಲ್ಲದ ಮನೆಗಳಲ್ಲಿ ಆ ಕೆಲಸ ಬೀಳುವುದು ಒಂಬತ್ತು ವರ್ಷದ ಅಕ್ಕನ ಮೇಲೆ. ಬೆಲೆಯನ್ನು ತೆರುವವಳೂ ಅವಳೇ.

ಎರಡನೆಯದು: ನೋಂದಣಿ ಎಂದರೆ ಕಚೇರಿ, ಕಾಗದ, ಅಲೆದಾಟ, ಬಡವಿಯರು ಹೆದರಿ ಕೆಲಸವನ್ನೇ ಬಚ್ಚಿಡುವರು. ಈ ಭಯ ಸುಳ್ಳಲ್ಲ. ಇಂಗ್ಲೆಂಡಿನಲ್ಲಿಯೂ ಇಂಥವರ ಸಂಖ್ಯೆ ಈಚಿನ ವರ್ಷಗಳಲ್ಲಿ ಬಹಳ ಇಳಿದಿದೆ. ಕಾಗದದ ಹೊರೆಯೂ ಒಂದು ಕಾರಣವೆನ್ನುತ್ತಾರೆ. ಆದ್ದರಿಂದ ನಮ್ಮಲ್ಲಿ ಗ್ರಾಮ ಪಂಚಾಯತಿಯಲ್ಲಿ ಒಂದು ಪುಸ್ತಕ ಸಾಕು. ಶುಲ್ಕ ಬೇಡ. ಮೊದಲು ತರಬೇತಿ, ಆಮೇಲೆ ತಪಾಸಣೆ. ತಪ್ಪು ಹಿಡಿಯಲು ಬರುವವರಿಗಿಂತ ಕಲಿಸಲು ಬರುವವರು ಮುಂಚೆ ಬರಲಿ.

ಮೂರನೆಯದು: ಕೂಲಿಯವಳು ಹಣ ಎಲ್ಲಿಂದ ಕೊಟ್ಟಾಳು? ಪೂರ್ತಿ ಅವಳೇ ಏಕೆ ಕೊಡಬೇಕು? ಕುಯ್ಲಿಗೆ ಆಳು ಸಿಗುವುದಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತದೆ ಎಂಬ ಗೋಳನ್ನು ಸಣ್ಣ ಬೆಳೆಗಾರರಿಂದ ಪ್ರತಿವರ್ಷ ಕೇಳುತ್ತೇವೆ. ನಾಲ್ಕು ಕೂಸುಗಳನ್ನು ಒಬ್ಬಳು ನೋಡಿಕೊಂಡರೆ ನಾಲ್ವರು ತಾಯಂದಿರು ತೋಟಕ್ಕೆ ಬರುತ್ತಾರೆ. ನಾಲ್ಕೈದು ಸಣ್ಣ ತೋಟದವರು ಕೂಡಿ ಅವಳ ಕೂಲಿಯ ಒಂದು ಪಾಲನ್ನು ಕೊಟ್ಟರೆ ಅದು ದಾನವಲ್ಲ, ಕುಯ್ಲಿನ ಖರ್ಚು.

ಸಹಪಾಠಿಗಳೇ, ಗುರುಗಳೇ, ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಪ್ರತಿವರ್ಷ ಒಂದು ಹಳ್ಳಿಯಲ್ಲಿ ಚರಂಡಿ ತೆಗೆಯುತ್ತದೆ, ರಸ್ತೆ ಗುಡಿಸುತ್ತದೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಈ ವರ್ಷ ಅದರೊಡನೆ ಇನ್ನೊಂದು ಕೆಲಸವನ್ನು ಮಾಡೋಣ. ಆ ಹಳ್ಳಿಯಲ್ಲಿ ಪರರ ಕೂಸುಗಳನ್ನು ಯಾರು ಯಾರು ನೋಡಿಕೊಳ್ಳುತ್ತಿದ್ದಾರೆಂದು ಮನೆ ಮನೆಗೆ ಹೋಗಿ ಬರೆದುಕೊಳ್ಳೋಣ. ಆರೋಗ್ಯ ಕೇಂದ್ರದವರನ್ನು ಕರೆಸಿ ಒಂದು ದಿನ ಪ್ರಥಮ ಚಿಕಿತ್ಸೆಯನ್ನು ಹೇಳಿಸೋಣ; ನಾವೂ ಕುಳಿತು ಕಲಿಯೋಣ. ಆ ಪಟ್ಟಿಯನ್ನು ಪಂಚಾಯತಿಗೆ ಕೊಟ್ಟು, ಇದನ್ನು ಮುಂದುವರಿಸಿ ಎಂದು ಕೇಳೋಣ. ಆ ಪಟ್ಟಿಯಲ್ಲಿ ಶಾಲೆ ಬಿಟ್ಟ ಒಂಬತ್ತು ವರ್ಷದವಳೊಬ್ಬಳ ಹೆಸರು ಸಿಕ್ಕರೆ, ಎಲ್ಲಕ್ಕಿಂತ ಮೊದಲು ಅವಳ ಕಂಕುಳಿನ ಕೂಸಿಗೆ ಬೇರೊಂದು ಮಡಿಲನ್ನು ಹುಡುಕಿ ಅವಳನ್ನು ಶಾಲೆಗೆ ಕಳುಹಿಸೋಣ.

ಪರೀಕ್ಷೆ ಮುಗಿದರೆ ನಾನು ಇನ್ನೊಂದು ಅರ್ಜಿಯನ್ನು ತುಂಬಬೇಕಾಗಿದೆ. ಅದರಲ್ಲಿಯೂ ಅಕ್ಕನ ಉದ್ಯೋಗಕ್ಕೆ ಅಂಕಣವಿರಲಾರದು. ಆದರೆ ಅವಳ ಐದು ವರ್ಷದ ಮಗಳು ಮುಂದೊಂದು ದಿನ ಇದೇ ಕಾಲೇಜಿಗೆ ಬಂದು ಅರ್ಜಿ ತುಂಬುವಾಗ, ತಾಯಿಯ ಉದ್ಯೋಗ ಎಂಬಲ್ಲಿ 'ಶಿಶುಪಾಲಕಿ, ನೋಂದಾಯಿತ' ಎಂದು ತಡವರಿಸದೆ ಬರೆಯುವಂತಾಗಲಿ.

— ಅಂತಿಮ ಬಿ.ಎ. ವಿದ್ಯಾರ್ಥಿನಿ