ಮೊದಲ ಡಿಎಸ್‌ಎಲ್‌ಆರ್: ಫೋಟೊ ಕಲಿಯಲು ಸರಿ, ವಿಡಿಯೊಗೆ ಬೇಡ

ಕಾಲೇಜು ಶುರುವಾಗುವ ದಿನಗಳಲ್ಲೂ ದಸರೆ-ದೀಪಾವಳಿಯ ರಿಯಾಯಿತಿ ಕಾಲದಲ್ಲೂ ಜಯನಗರ, ಬನಶಂಕರಿಯ ಕ್ಯಾಮೆರಾ ಅಂಗಡಿಗಳಲ್ಲಿ ಕೇಳಿಬರುವ ಬೇಡಿಕೆ ಹೆಚ್ಚುಕಡಿಮೆ ಒಂದೇ. ‘ಮಗಳಿಗೆ ಫೋಟೊಗ್ರಫಿ ಹುಚ್ಚು, ಯೂಟ್ಯೂಬ್‌ಗೆ ವಿಡಿಯೊನೂ ಮಾಡ್ತಾಳೆ, ನಲವತ್ತು ಸಾವಿರದ ಆಸುಪಾಸಿನಲ್ಲಿ ಒಂದು ಒಳ್ಳೇ ಕ್ಯಾಮೆರಾ ಕೊಡಿ.’ ಕೌಂಟರಿನ ಮೇಲೆ ಬಂದು ಕೂರುವ ಡಬ್ಬಿಯೂ ಬಹುಪಾಲು ಒಂದೇ: ಕ್ಯಾನನ್ ಇಒಎಸ್ 1500ಡಿ. ಅದರ ಜೊತೆ 18-55 ಎಂಎಂ ಕಿಟ್ ಲೆನ್ಸ್, ಒಂದು ಬ್ಯಾಗು, ಒಂದು ಮೆಮೊರಿ ಕಾರ್ಡು, ಮತ್ತೆ ‘ಎರಡಕ್ಕೂ ಆಗುತ್ತೆ ಸಾರ್’ ಎಂಬ ಭರವಸೆ. ಈ ಭರವಸೆಯಲ್ಲಿ ಅರ್ಧ ಮಾತ್ರ ನಿಜ. ಫೋಟೊ ಕಲಿಯಬೇಕೆನ್ನುವ ಹುಡುಗಿಗೆ ಅದು ಇವತ್ತಿಗೂ ಒಳ್ಳೆಯ ಕ್ಯಾಮೆರಾ. ವಿಡಿಯೊ ಮಾಡಬೇಕೆನ್ನುವ ಹುಡುಗಿಗೆ ಅದನ್ನು ಕೊಡಿಸುವುದು ಅನ್ಯಾಯ.

1500ಡಿ ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಯುರೋಪಿನಲ್ಲಿ ಇದೇ ಕ್ಯಾಮೆರಾ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7. ಸೆನ್ಸರ್ 24.1 ಮೆಗಾಪಿಕ್ಸೆಲ್‌ನದು, ಫೋಕಸ್ ಬಿಂದುಗಳು 9, ಸೆಕೆಂಡಿಗೆ ತೆಗೆಯುವ ಚಿತ್ರ 3. ಅದೇ ವರ್ಷ ಬಂದ ನಿಕಾನ್ ಡಿ3500 ಕಾಗದದ ಮೇಲೆ ಇದಕ್ಕಿಂತ ಒಂದು ಕೈ ಮೇಲು. ಫೋಕಸ್ ಬಿಂದು 11, ಸೆಕೆಂಡಿಗೆ 5 ಚಿತ್ರ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 1,550 ಚಿತ್ರ (ಕ್ಯಾನನ್‌ನದು 500ರ ಲೆಕ್ಕ). ಆದರೆ ಡಿ3500ರ ಉತ್ಪಾದನೆ ನಿಂತುಹೋಗಿದೆ, ಈಗ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು.

ಜೇಬಿನಲ್ಲಿ ಫೋನ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಮೊದಲ ಉತ್ತರ ಸೆನ್ಸರಿನ ಅಳತೆಯಲ್ಲಿದೆ. 1500ಡಿಯ ಸೆನ್ಸರ್ 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ. ದುಬಾರಿ ಫೋನುಗಳ ಮುಖ್ಯ ಕ್ಯಾಮೆರಾಕ್ಕೆ ಹೋಲಿಸಿದರೂ ವಿಸ್ತೀರ್ಣ ನಾಲ್ಕೈದು ಪಟ್ಟು, ಸಾಧಾರಣ ಫೋನಿಗೆ ಹೋಲಿಸಿದರೆ ಹತ್ತು ಪಟ್ಟು. ಎರಡನೆಯ ಉತ್ತರ ವ್ಯೂಫೈಂಡರ್. ಲೆನ್ಸಿನಿಂದ ಬಂದ ಬೆಳಕೇ ಕನ್ನಡಿಗೆ ಬಡಿದು ನೇರ ಕಣ್ಣಿಗೆ ಬರುತ್ತದೆ. ಲಾಲ್‌ಬಾಗ್ ಬಂಡೆಯ ಮೇಲೆ ಮಟಮಟ ಮಧ್ಯಾಹ್ನ ನಿಂತರೆ ಫೋನಿನ ಪರದೆಯಲ್ಲಿ ತನ್ನ ಮುಖ ಬಿಟ್ಟು ಬೇರೇನೂ ಕಾಣದು. ವ್ಯೂಫೈಂಡರಿಗೆ ಕಣ್ಣು ಹಚ್ಚಿದವರಿಗೆ ಕೆಂಪೇಗೌಡರ ಗೋಪುರವೂ ಅದರ ಹಿಂದಿನ ಮೋಡವೂ ಸ್ಪಷ್ಟವಾಗಿ ಕಾಣುತ್ತವೆ.

ಮೂರನೆಯ ಉತ್ತರ ಇವೆರಡಕ್ಕಿಂತ ದೊಡ್ಡದು. ಫೋನ್ ಫೋಟೊಗ್ರಾಫರನ ಪರವಾಗಿ ತಾನೇ ಯೋಚಿಸಿಬಿಡುತ್ತದೆ. ಈ ಕ್ಯಾಮೆರಾ ಹಾಗೆ ಮಾಡುವುದಿಲ್ಲ, ಆದ್ದರಿಂದಲೇ ಕಲಿಸುತ್ತದೆ.

ಗಾಂಧಿ ಬಜಾರಿನ ಹೂವಿನ ಬುಟ್ಟಿಯಲ್ಲಿ ರಾಶಿ ಹಾಕಿದ ಮಲ್ಲಿಗೆಯನ್ನು ಚೌಕಟ್ಟು ತುಂಬ ಹಿಡಿದು ಕ್ಲಿಕ್ ಮಾಡಿ ನೋಡಬಹುದು. ಹೂವು ಬಿಳಿಯಾಗಿ ಬರುವುದಿಲ್ಲ, ಮಾಸಿದ ಬಟ್ಟೆಯಂತೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ನಡುಮಧ್ಯದ ಬೂದು ಎಂದೇ ತಿಳಿದು ಲೆಕ್ಕ ಹಾಕುತ್ತದೆ, ಅದಕ್ಕೆ ಮಲ್ಲಿಗೆ ಯಾವುದೆಂದು ಗೊತ್ತಿಲ್ಲ. ಮೋಡ್ ಡಯಲನ್ನು ಎವಿಗೆ ತಿರುಗಿಸಿ, ಹಿಂಬದಿಯ ಎವಿ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದು, ಷಟರ್ ಬಟನ್ ಬಳಿಯ ಡಯಲನ್ನು ಪ್ಲಸ್ ಒಂದರತ್ತ ಉರುಳಿಸಿದರೆ ಮಲ್ಲಿಗೆ ಮಲ್ಲಿಗೆಯಾಗುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ದೊಡ್ಡ ಬಸವಣ್ಣನ ಮುಂದೆ, ಚಿತ್ರ ತೆಗೆಯಲು ಅನುಮತಿ ಇದ್ದರೆ, ಇದಕ್ಕೆ ತದ್ವಿರುದ್ಧ ಪಾಠ ಸಿಗುತ್ತದೆ. ಎಣ್ಣೆ ಹಚ್ಚಿ ಕಪ್ಪಗೆ ಮಿರುಗುವ ಆ ಏಕಶಿಲೆಯನ್ನು ಮೀಟರ್ ಬೂದು ಮಾಡಿಡುತ್ತದೆ, ಅಲ್ಲಿ ಮೈನಸ್ ಒಂದಕ್ಕೆ ಇಳಿಸಬೇಕು. ಈ ಎರಡು ಚಿತ್ರ ತೆಗೆದವರಿಗೆ ಎಕ್ಸ್‌ಪೋಷರ್ ಎಂದರೇನೆಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಬೆಳಕು ಓದಲು ಕಲಿತರೆ ಏನಾಗಬಹುದು ಎನ್ನುವುದಕ್ಕೆ ಬೆಂಗಳೂರು ದಕ್ಷಿಣದವರು ದೂರ ಹುಡುಕಬೇಕಿಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದ ವಿ.ಕೆ. ಮೂರ್ತಿ ಕೊನೆಯ ವರ್ಷಗಳನ್ನು ಕಳೆದದ್ದು ಶಂಕರಪುರದಲ್ಲಿ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೊದ ನಡುವೆ ಇಳಿಯುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ಅವರು ಮೂಡಿಸಿದ್ದು ದುಬಾರಿ ದೀಪಗಳಿಂದಲ್ಲ, ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಮನೆಯ ಕಿಟಕಿ ಬೆಳಕಿಗೆ ಬಿಳಿ ಥರ್ಮೊಕೋಲ್ ಹಾಳೆಯೊಂದನ್ನು ಅಡ್ಡ ಹಿಡಿದು ಅಜ್ಜಿಯ ಮುಖದ ನೆರಳು ತಿಳಿಮಾಡುವ ಹುಡುಗಿ ಮಾಡುತ್ತಿರುವುದೂ ಅದೇ ಕೆಲಸ.

ಇನ್ನು ಲೆನ್ಸ್. ಹೊಸಬರ ಹಣ ಪೋಲಾಗುವುದೂ ಇಲ್ಲೇ, ಸಾರ್ಥಕವಾಗುವುದೂ ಇಲ್ಲೇ. ಕಿಟ್ ಲೆನ್ಸನ್ನು 55 ಎಂಎಂಗೆ ಎಳೆದರೆ ಅದರ ಬಾಯಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸಂಜೆ ಏಳರ ಮೇಲೆ ಹೋದವರಿಗೆ ಇದರ ಬಿಸಿ ತಟ್ಟುತ್ತದೆ. ಬಲ್ಬಿನ ಬೆಳಕಿನಲ್ಲಿ ಕಡಲೆಕಾಯಿ ಅಳೆದು ಸುರಿಯುವ ಕೈ ಅಲುಗದಂತೆ ಹಿಡಿಯಲು ಐಎಸ್‌ಒ 6400ಕ್ಕೆ ಏರಿಸಬೇಕಾಗುತ್ತದೆ. 1500ಡಿಯ ಸಾಮಾನ್ಯ ಮಿತಿಯೇ ಅಷ್ಟು, ಚಿತ್ರದ ತುಂಬ ರವೆ ಚೆಲ್ಲಿದಂತೆ ನಾಯ್ಸ್. ಅದೇ ಜಾಗದಲ್ಲಿ 50 ಎಂಎಂ ಎಫ್/1.8 ಲೆನ್ಸ್ ಹಾಕಿದರೆ ಒಳಬರುವ ಬೆಳಕು ಒಂಬತ್ತೂವರೆ ಪಟ್ಟು ಹೆಚ್ಚು, ಐಎಸ್‌ಒ 640ರ ಆಸುಪಾಸಿನಲ್ಲೇ ಕೆಲಸ ಮುಗಿಯುತ್ತದೆ. ಕ್ಯಾನನ್‌ನ ಈ ಲೆನ್ಸ್ ಬರೀ 160 ಗ್ರಾಂ ತೂಗುತ್ತದೆ, ಬೆಲೆ ಹತ್ತು ಸಾವಿರದ ಆಚೀಚೆ. ಎರಡನೇ ಬ್ಯಾಟರಿ, ದೊಡ್ಡ ಬ್ಯಾಗು, ಫಿಲ್ಟರ್ ಸೆಟ್ಟು ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಇದನ್ನೇ.

ಒಂದು ತೊಡಕಿದೆ. ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದಾದ್ದರಿಂದ ಈ ಬಾಡಿಯ ಮೇಲೆ 50 ಎಂಎಂ ಲೆನ್ಸು 80 ಎಂಎಂ ಲೆನ್ಸಿನಂತೆ ಕಾಣುತ್ತದೆ. ಹತ್ತು-ಹನ್ನೆರಡು ಅಡಿಯ ಹಾಲಿನಲ್ಲಿ ನಾಮಕರಣದ ಗುಂಪು ಚಿತ್ರ ತೆಗೆಯಲು ಗೋಡೆಗೆ ಬೆನ್ನು ಹಚ್ಚಿ ನಿಂತರೂ ಜಾಗ ಸಾಲದು, ಅಂಥ ಹೊತ್ತಿಗೆ ಕಿಟ್ ಲೆನ್ಸೇ ಗತಿ. ನಿಕಾನ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ: ಡಿ3500, ಡಿ5600 ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ 50 ಎಂಎಂ ಎಫ್/1.8ಡಿ ತಂದರೆ ಆಟೊ ಫೋಕಸ್ ಆಗುವುದಿಲ್ಲ. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೇಳಿ ತರಬೇಕು.

ಹಕ್ಕಿಗಳ ಹುಚ್ಚಿದ್ದರೆ ಲೆಕ್ಕ ಬೇರೆ. ಪುಟ್ಟೇನಹಳ್ಳಿ ಕೆರೆಯಲ್ಲೋ ಮಡಿವಾಳ ಕೆರೆಯಲ್ಲೋ 18-55 ಹಿಡಿದು ನಿಂತರೆ ನೀರುಕಾಗೆ ಒಂದು ಕರಿ ಚುಕ್ಕಿ. 55-250 ಎಂಎಂ ಲೆನ್ಸ್ ಇದೇ ಬಾಡಿಯ ಮೇಲೆ 400 ಎಂಎಂನಷ್ಟು ಹತ್ತಿರ ತರುತ್ತದೆ, ಕಲಿಯುವ ಹಂತಕ್ಕೆ ಅದು ಧಾರಾಳ.

ಈಗ ವಿಡಿಯೊ. ಡಿಎಸ್‌ಎಲ್‌ಆರ್ ಎಂದರೆ ವಿಡಿಯೊಗೂ ಒಳ್ಳೆಯದು ಎಂಬ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ. 2008ರಲ್ಲಿ ನಿಕಾನ್ ಡಿ90 ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಆಗಿ ಬಂತು, ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಬಂತು. ಲಕ್ಷಗಟ್ಟಲೆ ಬಾಡಿಗೆಯ ಕ್ಯಾಮೆರಾ ಇಲ್ಲದೆಯೂ ಹಿನ್ನೆಲೆ ಮಸುಕಾದ, ಸಿನಿಮಾದಂಥ ದೃಶ್ಯ ತೆಗೆಯಬಹುದೆಂದು ಕಿರುಚಿತ್ರದ ಹುಡುಗರಿಗೆ ಗೊತ್ತಾದದ್ದು ಆಗ. ಆದರೆ ಆಗ ಫೋನುಗಳ ವಿಡಿಯೊ ಕಳಪೆಯಾಗಿತ್ತು. ಈಗ ಹಾಗಿಲ್ಲ.

1500ಡಿಯಲ್ಲಿ 4ಕೆ ಇಲ್ಲ, ಇರುವುದು 1080ಪಿ. ಅಷ್ಟನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಮೈಕ್ ಜ್ಯಾಕ್ ಇಲ್ಲದಿರುವುದು. ಬಿಟಿಎಂ ಲೇಔಟಿನ ಚಾಟ್ ಅಂಗಡಿಯ ಮುಂದೆ ನಿಂತು ಮಾತಾಡುವ ಹುಡುಗನ ದನಿಯನ್ನು ಬಾಡಿಯೊಳಗಿನ ಪುಟಾಣಿ ಮೈಕೇ ಹಿಡಿಯಬೇಕು. ಅದು ಆಟೊ ಹಾರ್ನು, ಬಾಣಲೆಯ ಸದ್ದು, ಲೆನ್ಸ್ ಮೋಟರಿನ ಗುರುಗುರು ಎಲ್ಲವನ್ನೂ ಸಮಸಮವಾಗಿ ತುಂಬಿಕೊಳ್ಳುತ್ತದೆ. ಚಿತ್ರ ಸ್ವಲ್ಪ ಮಸುಕಾದರೆ ನೋಡುಗರು ಕ್ಷಮಿಸುತ್ತಾರೆ, ಮಾತು ಕೇಳದಿದ್ದರೆ ಹತ್ತು ಸೆಕೆಂಡೂ ನಿಲ್ಲುವುದಿಲ್ಲ.

ಫೋಕಸಿನ ಪಾಡು ಇನ್ನೊಂದು. ವಿಡಿಯೊ ಶುರುವಾದೊಡನೆ ಕನ್ನಡಿ ಮೇಲೇಳುತ್ತದೆ, ವ್ಯೂಫೈಂಡರ್ ಕತ್ತಲಾಗುತ್ತದೆ, ಫೋಟೊದಲ್ಲಿ ಚುರುಕಾಗಿದ್ದ ಫೋಕಸ್ ವ್ಯವಸ್ಥೆ ಕೆಲಸಕ್ಕೇ ಬರುವುದಿಲ್ಲ. ಮಾತಾಡುವವರು ಎರಡು ಹೆಜ್ಜೆ ಮುಂದೆ ಬಂದರೆ ಷಟರ್ ಬಟನ್ ಅರ್ಧ ಒತ್ತಿ ಮತ್ತೆ ಫೋಕಸ್ ಮಾಡಬೇಕು, ಅಷ್ಟರಲ್ಲಿ ಚಿತ್ರ ಒಳಗೂ ಹೊರಗೂ ತೂಗಾಡಿ ಹೋಗಿರುತ್ತದೆ. ಪರದೆ ಬಾಡಿಗೆ ಅಂಟಿಕೊಂಡಿದೆ, ತಿರುಗುವುದಿಲ್ಲ. ಒಬ್ಬರೇ ಕ್ಯಾಮೆರಾ ಮುಂದೆ ಕೂತು ಮಾತಾಡುವವರಿಗೆ ತಮ್ಮ ತಲೆ ಚೌಕಟ್ಟಿನೊಳಗಿದೆಯೋ ಇಲ್ಲವೋ ತಿಳಿಯದು. ಜಯನಗರದ ಕಲ್ಲು ಕಿತ್ತ ಫುಟ್‌ಪಾತಿನ ಮೇಲೆ ನಡೆಯುತ್ತ ಚಿತ್ರೀಕರಿಸಿದರೆ, ಅಲುಗಾಟ ತಡೆಯುವುದರಲ್ಲಿ ಒಳ್ಳೆಯ ಫೋನೇ ಇದನ್ನು ಸೋಲಿಸುತ್ತದೆ.

ಈಗಾಗಲೇ ಕೊಂಡವರು ಎದೆಗುಂದಬೇಕಿಲ್ಲ. ಫೋನಿಗೆ ಕಾಲರ್ ಮೈಕ್ ಚುಚ್ಚಿ ಧ್ವನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಿ, ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎಡಿಟಿಂಗ್‌ನಲ್ಲಿ ಎರಡನ್ನೂ ಕೂಡಿಸಬಹುದು. ಟ್ರೈಪಾಡ್ ಕಡ್ಡಾಯ. ಇನ್ನೊಂದು ವಿಷಯವನ್ನು ಕೌಂಟರಿನಲ್ಲಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಜ್‌ನದು, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾವನ್ನು ಎನ್‌ಟಿಎಸ್‌ಸಿಯಲ್ಲಿ ಬಿಟ್ಟು 30 ಫ್ರೇಮಿನಲ್ಲಿ, 1/60 ಷಟರಿನಲ್ಲಿ ತೆಗೆದರೆ ಗೋಡೆಯ ಮೇಲೆ ಪಟ್ಟೆಗಳು ತೇಲುತ್ತವೆ. ಮೆನುವಿನಲ್ಲಿ ಪಾಲ್ ಆರಿಸಿ, 25 ಫ್ರೇಮ್, 1/50 ಷಟರ್ ಇಟ್ಟರೆ ಪಟ್ಟೆ ಮಾಯ.

ಹೊಸದಾಗಿ ಕೊಳ್ಳುವ ವಿಡಿಯೊ ಮಂದಿಗೆ ದಾರಿ ಎರಡು. ಡಿಎಸ್‌ಎಲ್‌ಆರೇ ಆಗಬೇಕೆಂದರೆ 2019ರ ಕ್ಯಾನನ್ 200ಡಿ ಮಾರ್ಕ್ 2. ತಿರುಗುವ ಪರದೆ, ಮೈಕ್ ಜ್ಯಾಕ್, 1080ಪಿಯಲ್ಲಿ ಮುಖವನ್ನು ಬಿಡದೆ ಹಿಂಬಾಲಿಸುವ ಡ್ಯುಯಲ್ ಪಿಕ್ಸೆಲ್ ಫೋಕಸ್ ಮೂರೂ ಇವೆ. ಅದರ 4ಕೆ ಮಾತ್ರ ಚೌಕಟ್ಟು ಕತ್ತರಿಸುತ್ತದೆ, ಆ ಫೋಕಸೂ ಅಲ್ಲಿಲ್ಲ, ಹಾಗಾಗಿ ಅದನ್ನು ನಂಬಿ ಕೊಳ್ಳಬಾರದು. ಇನ್ನಷ್ಟು ಹಣ ಹೊಂದಿಸಬಲ್ಲವರಿಗೆ 2023ರಲ್ಲಿ ಬಂದ ಮಿರರ್‌ಲೆಸ್ ಆರ್50 ವಾಸಿ: ಬ್ಯಾಟರಿ ಸೇರಿ 375 ಗ್ರಾಂ, ಪೂರ್ತಿ ಅಗಲದ 4ಕೆ, ಸದ್ದಿಲ್ಲದ ಷಟರ್. ಜೆ.ಪಿ. ನಗರದ ಹವ್ಯಾಸಿ ರಂಗತಂಡಗಳ ತಾಲೀಮಿನಲ್ಲಿ ಚಿತ್ರ ತೆಗೆಯುವವರಿಗೆ ಈ ಕೊನೆಯ ಗುಣವೊಂದೇ ಸಾಕು. ಮೌನದ ದೃಶ್ಯದ ನಡುವೆ ಡಿಎಸ್‌ಎಲ್‌ಆರ್ ಕನ್ನಡಿಯ ಟಪ್ ಎಂಬ ಸದ್ದು ನಟರ ಲಯ ಕೆಡಿಸುತ್ತದೆ. ಅಷ್ಟು ಹಣವಿಲ್ಲದಿದ್ದರೆ ಕೈಯಲ್ಲಿರುವ ಫೋನು, ಒಂದು ವೈರ್‌ಲೆಸ್ ಮೈಕು, ಒಂದು ಟ್ರೈಪಾಡು, ಒಂದು ಎಲ್‌ಇಡಿ ದೀಪ ಸಾಕು. 1500ಡಿಯ ಅರ್ಧ ಬೆಲೆಯೊಳಗೆ ಅದಕ್ಕಿಂತ ಒಳ್ಳೆಯ ವಿಡಿಯೊ ಬರುತ್ತದೆ.

‘ಡಿಎಸ್‌ಎಲ್‌ಆರ್ ಕಾಲ ಮುಗೀತಲ್ಲ’ ಎಂಬ ಆಕ್ಷೇಪವೂ ಇದೆ. ನಿಜ, ಸೋನಿ 2021ರಲ್ಲೇ ಅವುಗಳ ಮಾರಾಟ ನಿಲ್ಲಿಸಿತು. ಕ್ಯಾನನ್, ನಿಕಾನ್ ಎರಡೂ ಹೊಸ ಮಾದರಿಗಳನ್ನು ತರುತ್ತಿರುವುದು ಮಿರರ್‌ಲೆಸ್‌ನಲ್ಲಿ. ಹಾಗೆಂದು ಕಲಿಯುವವರಿಗೆ ನಷ್ಟವಿಲ್ಲ. ಇವತ್ತು ಕೊಂಡ ಕ್ಯಾನನ್ 50 ಎಂಎಂ ಲೆನ್ಸ್ ನಾಳೆ ಒಂದು ಅಡಾಪ್ಟರ್ ಮೂಲಕ ಆರ್ ಸರಣಿಯ ಬಾಡಿಗೆ ಆಟೊ ಫೋಕಸ್ ಸಮೇತ ಕೂರುತ್ತದೆ. ಮೇಲಾಗಿ ಎಲ್ಲರೂ ಮಿರರ್‌ಲೆಸ್‌ಗೆ ಓಡುತ್ತಿರುವುದರಿಂದ ಹಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗವಾಗಿವೆ. ಫೋಟೊ ಕಲಿಯುವ ವಿದ್ಯಾರ್ಥಿ ಹೊಸ 1500ಡಿಗೆ ಸುರಿಯುವ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಬಾಡಿಯ ಜೊತೆ 50 ಎಂಎಂ ಲೆನ್ಸನ್ನೂ ತರಬಹುದು, ತರುವುದೇ ಜಾಣತನ.

ತರುವ ಮುನ್ನ ನೋಡಬೇಕಾದದ್ದು ಇಷ್ಟು. ನಿಕಾನ್ ಆದರೆ ತೆಗೆದ ಚಿತ್ರದ ಎಕ್ಸಿಫ್ ಮಾಹಿತಿಯಲ್ಲೇ ಷಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ಇರುತ್ತದೆ. ಈ ದರ್ಜೆಯ ಷಟರ್‌ಗಳು ಒಂದು ಲಕ್ಷದ ಆಸುಪಾಸಿಗೆ ಬಾಳುತ್ತವೆಂಬ ಅಂದಾಜಿದೆ, ಎಂಬತ್ತು ಸಾವಿರ ದಾಟಿದ್ದರೆ ಬೆಲೆ ಇಳಿಸಿ ಕೇಳಬೇಕು. ಕ್ಯಾನನ್ ಆ ಲೆಕ್ಕವನ್ನು ಚಿತ್ರದಲ್ಲಿ ಬರೆಯುವುದಿಲ್ಲ, ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ಲೆನ್ಸನ್ನು ಎಫ್/22ಕ್ಕೆ ಇಟ್ಟು ಬಿಳಿ ಆಕಾಶದ ಚಿತ್ರ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಲೆ ಕಲೆಯಾಗಿ ಕಾಣುತ್ತದೆ. ಧೂಳು ಹೋಗುತ್ತದೆ, ಚಿಂತೆಯಿಲ್ಲ. ಲೆನ್ಸಿನ ಒಂದು ಬದಿಯಿಂದ ಫೋನಿನ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಬಾಡಿ ಎಷ್ಟೇ ಹೊಳೆಯುತ್ತಿದ್ದರೂ ಆ ಲೆನ್ಸನ್ನು ಅಲ್ಲೇ ಬಿಟ್ಟು ಬರಬೇಕು. ಮೂಲ ಬಿಲ್ ಇದ್ದರೆ ಕೇಳಿ ಪಡೆಯಬೇಕು. ಮನೆಗೆ ತಂದ ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಕ್ಯಾಮೆರಾ ಇರಬೇಕಾದ ಜಾಗ ಬ್ಯಾಗಲ್ಲ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ.