ಕೈ ಕಟ್ಟು, ಬಾಯಿ ಮುಚ್ಚು

ನಮ್ಮ ಬಹುತೇಕ ಪ್ರಾಥಮಿಕ ಶಾಲೆಗಳಲ್ಲಿ ಶಿಸ್ತು ಎಂದರೆ ಇಂದಿಗೂ ಸದ್ದಿಲ್ಲದ ತರಗತಿ. ಮೇಷ್ಟ್ರು ಹೊರಗೆ ಹೋದರೆ ಲೀಡರ್ ಎದ್ದು ಬಂದು, ಬೋರ್ಡಿನ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಗೆರೆ ಎಳೆಯುತ್ತಾನೆ. ಮತ್ತೆ ಪಿಸುಗುಟ್ಟಿದರೆ ಹೆಸರಿನ ಮುಂದೆ ಇಂಟು ಮಾರ್ಕು. ಎಂಟು ವರ್ಷದ ಮಗು ಇದರಿಂದ ಕಲಿಯುವುದೇನು? ಗೆಳೆಯನ ಮೇಲೆ ಚಾಡಿ ಹೇಳುವುದು ಜವಾಬ್ದಾರಿ, ಸಿಕ್ಕಿಬೀಳದಿರುವುದೇ ಸದ್ಗುಣ. ಇದನ್ನು ಶಿಸ್ತು ಎಂದು ಕರೆಯಲು ನನ್ನ ಒಪ್ಪಿಗೆಯಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ‘ಬೆತ್ತ ಕಿತ್ತುಕೊಂಡರು, ಮಕ್ಕಳು ಕೆಟ್ಟರು’ ಎಂಬ ಗೊಣಗಾಟ ಇನ್ನೂ ನಿಂತಿಲ್ಲ. ಎಷ್ಟೋ ಕಡೆ ಬೆತ್ತದ ಜಾಗಕ್ಕೆ ಸ್ಟಾರು, ಸ್ಟಿಕ್ಕರು, ಚಾಕೊಲೇಟು ಬಂದಿವೆ. ಬೆತ್ತಕ್ಕಿಂತ ಸ್ಟಾರು ಮೇಲು, ಅನುಮಾನ ಬೇಡ. ಆದರೆ ಚೆನ್ನಾಗಿ ನಡೆದುಕೊಳ್ಳುವ ಕಾರಣವನ್ನು ಎರಡೂ ಮಗುವಿನ ಹೊರಗೇ ಇಡುತ್ತವೆ. ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ ಮೊದಲೇ ಆಸೆ ತೋರಿಸಿ ಬಹುಮಾನ ಕೊಟ್ಟರು. ಕೆಲದಿನಗಳ ಬಳಿಕ ನೋಡಿದರೆ, ಬಹುಮಾನವೇ ಇಲ್ಲದೆ ಚಿತ್ರ ಬಿಡಿಸಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಈ ಮಕ್ಕಳು ಬಣ್ಣ ಮುಟ್ಟುತ್ತಿದ್ದರು.

‘ಸಂಯಮ ಮನೆಯಿಂದ ಬರಬೇಕು, ಶಾಲೆ ಏನು ಮಾಡೀತು?’ ಎನ್ನುವವರೂ ಇದ್ದಾರೆ. ಅವರು ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಪುಟ್ಟ ಮಕ್ಕಳೊಂದಿಗೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಗಮನಿಸಬೇಕು. ‘ಒಳ್ಳೆಯ ಬಣ್ಣಗಳನ್ನು ತರುತ್ತೇನೆ’ ಎಂದು ಹೋದ ದೊಡ್ಡವರು ಅರ್ಧ ಮಕ್ಕಳಿಗೆ ಮಾತಿನಂತೆ ತಂದುಕೊಟ್ಟರು, ಉಳಿದವರ ಬಳಿಗೆ ಬರಿಗೈಲಿ ಬಂದರು. ಆಮೇಲೆ ಎಲ್ಲರ ಮುಂದೆಯೂ ಒಂದೊಂದು ಮಿಠಾಯಿ ಇಟ್ಟು, ‘ಕಾದರೆ ಇನ್ನೊಂದು ಸಿಗುತ್ತದೆ’ ಎಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸಹೋದವರು ಕಾದದ್ದು ಮೂರೇ ನಿಮಿಷ. ಬೇಗ ತಿಂದ ಮಗುವಿಗೆ ಸಂಯಮ ಇರಲಿಲ್ಲ ಎನ್ನುವುದಕ್ಕಿಂತ, ಅದಕ್ಕೆ ದೊಡ್ಡವರ ಲೆಕ್ಕ ಗೊತ್ತಾಗಿತ್ತು ಎನ್ನುವುದೇ ಸರಿ.

ಈಗ ನಮ್ಮ ಶಾಲೆಗಳತ್ತ ನೋಡಿ. ‘ಪಾಠ ಮುಗಿಯಲಿ, ಆಟಕ್ಕೆ ಬಿಡುತ್ತೇನೆ’ ಎಂದು ಹೇಳಿ ಪಿ.ಟಿ. ಪೀರಿಯಡ್ಡನ್ನೂ ಗಣಿತಕ್ಕೆ ನುಂಗುವವರು ಯಾರು? ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ, ತಡವಾಗಿ ಬಂದ ಅತಿಥಿಯಿಂದ ಸಮಯಪಾಲನೆಯ ಭಾಷಣ ಮಾಡಿಸುವವರು ಯಾರು? ನೀತಿಪಾಠ ಬೇಕಿರುವುದು ಯಾರಿಗೆ?

ದಾರಿ ಇಲ್ಲದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ‘ನಲಿ ಕಲಿ’ಯಲ್ಲಿ ಮಗು ಕಲಿಕೆಯ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ತಾನೇ ನೋಡಿ, ತನ್ನ ಕಾರ್ಡನ್ನು ತಾನೇ ಆರಿಸಿಕೊಂಡು, ಗುಂಪಿನಲ್ಲಿ ಕೂತು ಕೆಲಸ ಮಾಡುತ್ತದೆ. ಅಲ್ಲಿ ಗದ್ದಲವಿರುತ್ತದೆ, ಆದರೆ ಆ ಗದ್ದಲಕ್ಕೊಂದು ಕ್ರಮವಿರುತ್ತದೆ. ಒಬ್ಬರೇ ಮೇಷ್ಟ್ರು ಎರಡು ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕಾದ ಕಡೆ ಇದು ಕಷ್ಟ, ನಿಜ. ಆ ಜಗಳವನ್ನು ಸರ್ಕಾರದೊಂದಿಗೆ ಆಡೋಣ. ಅದರ ಸಿಟ್ಟನ್ನು ಮಕ್ಕಳ ಬಾಯಿಗೆ ಬೀಗವಾಗಿ ಹಾಕುವುದು ಬೇಡ.

ತರಗತಿ ಎಷ್ಟು ನಿಶ್ಶಬ್ದವಾಗಿದೆ ಎಂದು ಕಿಟಕಿಯಿಂದ ಇಣುಕಿ ಮೆಚ್ಚುವ ಮುಖ್ಯೋಪಾಧ್ಯಾಯರು, ಪೋಷಕರು ಇನ್ನು ಮುಂದೆ ಬೇರೊಂದು ಪ್ರಶ್ನೆ ಕೇಳಲಿ: ಮೇಷ್ಟ್ರೂ ಇಲ್ಲದ, ಲೀಡರೂ ಇಲ್ಲದ ಹತ್ತು ನಿಮಿಷ ಈ ಮಕ್ಕಳು ಏನು ಮಾಡುತ್ತಾರೆ? ಶಾಲೆ ಕಲಿಸಿದ ಶಿಸ್ತು ಎಂಥದ್ದು ಎಂಬುದು ಆಗ ತಿಳಿಯುತ್ತದೆ.